ಮೂರನೇ ಸುಳಿ

ಕನ್ನಡಿಯೆದುರು ನಿಂತು ಸುಶಮೀಂದ್ರ ನಾಲ್ಕನೆಯ ಸಲ ಹೇಳಿ ನೋಡಿದ: 'ಸಾರ್, ನಿಮ್ಮ ಹತ್ತಿರ ಒಂದು ವಿಷಯ ಹೇಳಬೇಕು.' ಹೇಳಿದ್ದೇ ತಡ, ಬೆನ್ನ ಹಿಂದೆ ಪಿಟೀಲು ಶುರುವಾದ ಹಾಗಾಯಿತು. ಇಂಟರ್‌ವಲ್ ಆದಮೇಲೆ ನಾಯಕನ ತಮ್ಮ ಅತ್ತಿಗೆಗೆ ಹೇಳುವ ಮಾತು ಅದು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವುದೊಂದು ಬಾಕಿ. ದನಿ ತಗ್ಗಿಸಿದರೆ ಆಪರೇಷನ್ ಥಿಯೇಟರಿನಿಂದ ಕನ್ನಡಕ ತೆಗೆಯುತ್ತ ಹೊರಬರುವ ಡಾಕ್ಟರು. ಏರಿಸಿದರೆ ಕೋರ್ಟು ಸೀನು. 'ತಪ್ಪಾಗಿಹೋಯ್ತು ಸಾರ್' ಎಂದು ನೆಟ್ಟಗೆ ಹೇಳೋಣವೆಂದರೆ ಲುಂಗಿ ಜಾರಿಸಿಕೊಂಡು ಕಾಲಿಗೆ ಬೀಳುವ ಕಾಮಿಡಿಯನ್. ಇಪ್ಪತ್ತಾರು ವರ್ಷ ಅನ್ನ ತಿಂದ ಬಾಯಲ್ಲಿ ತನ್ನದು ಎನ್ನುವ ಒಂದು ವಾಕ್ಯವೂ ಇಲ್ಲವಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಆ ಹೆದರಿಕೆಯೂ ಕನ್ನಡಿಯಲ್ಲಿ ಎಲ್ಲೋ ನೋಡಿದ ಕ್ಲೋಸಪ್ಪಿನ ಹಾಗೇ ಕಂಡಿತು. ತಪ್ಪು ಮನೆಯದು. ತಮಿಳರ ಊರಿನ ಸಿನಿಮಾ ಪೇಟೆ ವಡಪಳನಿಯ ಆ ಮನೆಯ ಹಿಂದಿನ ಗೋಡೆಗೆ ಒಂದು ಡಬ್ಬಿಂಗ್ ಥಿಯೇಟರಿನ ಗೋಡೆ ಅಂಟಿಕೊಂಡಿತ್ತು. ಬೇರೆ ಮನೆಯ ಮಕ್ಕಳು ಹಕ್ಕಿಯ ಕೂಗಿಗೆ ಏಳುತ್ತಿದ್ದ ಹೊತ್ತಿಗೆ ಇವನು 'ನಿನ್ನ ರಕ್ತ ಕುಡೀದೆ ಬಿಡಲ್ಲ'ಕ್ಕೆ ಏಳುತ್ತಿದ್ದ. ಒಂದೇ ಮಾತನ್ನು ತೆರೆಯ ಮೇಲಿನ ತುಟಿಗೆ ಕೂರುವ ತನಕ ಮೂವತ್ತು ಸಲ ಹೇಳಿಸುತ್ತಿದ್ದರು. ಮೂವತ್ತನೆಯ ಸಲಕ್ಕೆ ರಕ್ತ ಕುಡಿಯುವವನಿಗೂ ಸುಸ್ತು, ಮಗ್ಗಿ ಬಾಯಿಪಾಠ ಮಾಡುವವನಿಗೂ ಸುಸ್ತು.

ಅಮ್ಮ ತುಂಗಾ ಬಾಗಿಲಲ್ಲಿ ನಿಂತು, ಬೇಗಕ್ಕೆ ಸೀಕ್ರಂ, ತಾನೇಗೆ ದಾನೆ ಎನ್ನುವ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು, 'ಏನೋ ಕಣ್ಣಾ, ಯಾರ ಹತ್ರ ಮಾತಾಡ್ತಾ ಇದ್ದಿ? ಸೀಕ್ರಂ ಹೊರಡು. ಮೂರು ಗಂಟೆಗೆ ದಾನೆ ಫಂಕ್ಷನ್ನು?' ಹೇಳಿ, ಅವನ ನೆತ್ತಿಯ ಮೇಲಿನ ಎರಡು ಸುಳಿಗಳ ಮೇಲೆ ಎಣ್ಣೆಗೈ ಒತ್ತಿದರು. ಎರಡು ಸುಳಿಯವನು ತಂಟೆಕೋರ, ಅವನಿಗೆ ಎರಡು ಮದುವೆ ಎಂದು ಹೇಳಿ ಹೇಳಿ, ಒಂದಕ್ಕೂ ಹುಡುಗಿ ಸಿಗದ್ದಕ್ಕೆ ಅವರಿಗೆ ಈಗೀಗ ಆ ಶಾಸ್ತ್ರದ ಮೇಲೇ ಅನುಮಾನ ಬಂದಿತ್ತು. ಇವತ್ತು ಮಗನ ಗೈಡು ಪ್ರೊಫೆಸರ್ ವಿಷ್ಣುತೀರ್ಥರು ರಿಟೈರಾಗುವ ದಿನ. ಮೂವತ್ತೈದು ವರ್ಷದ ಸರ್ವೀಸಿನ ಕೊನೆಯ ಭಾಷಣದಲ್ಲಿ ಅವರು ನೀರಿನ ಸುಳಿಯ ಒಂದು ಚಿತ್ರ ತೋರಿಸಲಿದ್ದರು. ಆ ಸುಳಿಗೆ ಮಗನ ಹೆಸರು ಇಟ್ಟಿದ್ದಾರೆಂದು ಗೊತ್ತಾದಾಗಿನಿಂದ ಅಮ್ಮ ದಿನಾ ರಾಯರಿಗೆ ಒಂದು ಪ್ರದಕ್ಷಿಣೆ ಜಾಸ್ತಿ ಹಾಕುತ್ತಿದ್ದರು. ಚಿತ್ರ ಸುಳ್ಳು ಎನ್ನುವುದು ಲೋಕದಲ್ಲಿ ಸುಶಮೀಂದ್ರನೊಬ್ಬನಿಗೇ ಗೊತ್ತಿತ್ತು. ಮೂರು ಗಂಟೆಯೊಳಗೆ ಅದನ್ನು ಹೇಳಬೇಕಿತ್ತು. ಅಮ್ಮ ಒಂದು ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಅವನ ಕೈಗಿಟ್ಟು, 'ಸಬ್ಬಕ್ಕಿ ಪಾಯಸ. ಅವರಿಗೆ ರೊಂಬ ಇಷ್ಟ ದಾನೆ, ಬಿಸಿಯಾಗಿರೋವಾಗ್ಲೇ ಕೊಡು' ಎಂದರು. ಸುಶಮೀಂದ್ರ ಡಬ್ಬಿಯನ್ನು ನೋಡಿದ. ಕೊಲೆ ಮಾಡಿದವನ ಕೈಗೆ ಅವನ ತಾಯಿಯೇ ಚಾಕು ತೊಳೆದು ಕೊಟ್ಟ ಹಾಗೆ, ಎಂದುಕೊಂಡ. ತಕ್ಷಣ, ಇದೂ ಡೈಲಾಗೇ, ಎಂದುಕೊಂಡ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಕೂತರೆ ಅದರ ಬಿಸಿ ಪ್ಯಾಂಟಿನೊಳಗೆ ಇಳಿಯುತ್ತಿತ್ತು. ಅವನು ಕಾಲೇಜಿನ ಆ ಲ್ಯಾಬಿಗೆ ಮೊದಲು ಬಂದಾಗ, ಅಂದರೆ ತೊಂಬತ್ತೊಂಬತ್ತರಲ್ಲಿ, ಅಲ್ಲಿ ಒಂದು ಗಾಜಿನ ಕಾಲುವೆ, ಅದರಲ್ಲಿ ಹರಿಯುವ ನೀರು, ನೀರಿಗೆ ಅಡ್ಡಲಾಗಿ ಒಂದು ಉರುಟು ಸರಳು, ಮತ್ತು ಶೀನಣ್ಣ ಇದ್ದರು. ಸರಳಿನ ಹಿಂದೆ ನೀರು ಹೇಗೆ ಸುಳಿಸುತ್ತುತ್ತದೆ ಎಂದು ನೋಡುವುದೇ ಲ್ಯಾಬಿನ ಕೆಲಸ. ಟೆಕ್ನೀಷಿಯನ್ ಶೀನಣ್ಣ ಮಾಧವರಂ ಡೇರಿಯ ಹಾಲಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ, ತೆಳ್ಳನೆಯ ಕೊಳವೆಯಿಂದ ಒಂದು ಬಿಳಿ ನೂಲಿನ ಹಾಗೆ ನೀರಿಗೆ ಬಿಡುತ್ತಿದ್ದರು. ಹಾಲು ಸರಳನ್ನು ಬಳಸಿ ಹೋಗಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಶೀನಣ್ಣ ಉಸಿರು ಕಟ್ಟಿ ಕ್ಯಾಮೆರಾ ಒತ್ತುತ್ತಿದ್ದರು. ಒಂದು ರೀಲಿಗೆ ಮೂವತ್ತಾರು ಚಿತ್ರ. ಕತ್ತಲೆ ಕೋಣೆಯಲ್ಲಿ ತೊಳೆದಾಗ ನಾಲ್ಕು ನೆಟ್ಟಗೆ ಬಂದರೆ ಅವತ್ತು ಹಬ್ಬ. ಅದಕ್ಕೂ ಹಿಂದೆ, ವಿಷ್ಣುತೀರ್ಥರು ಹುಡುಗರಾಗಿದ್ದಾಗ, ಯಂತ್ರ ಗೀಚಿದ ಗೆರೆಯ ಕೆಳಗಿನ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ತಕ್ಕಡಿಯಲ್ಲಿ ತೂಗಿ, ತೂಕದಿಂದ ವಿಸ್ತೀರ್ಣ ಹೇಳುತ್ತಿದ್ದರಂತೆ. ಅದನ್ನು ಕೇಳಿ ಸುಶಮೀಂದ್ರ ನಕ್ಕು, ಅಂಗಡಿ ಚೆಟ್ಟಿಯಾರ್ ವಿಜ್ಞಾನ ಎಂದು ಹೆಸರಿಟ್ಟಿದ್ದ. ಗೈಡೂ ನಕ್ಕಿದ್ದರು. ಇವನು ಏನು ಹೇಳಿದರೂ ನಗುತ್ತಿದ್ದರು ಅವರು. ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ ಬೆಳೆದ ಗೈಡಿಗೆ ಕಾಲೇಜಿನಲ್ಲಿ ಮನೆಮಾತಾದ ಕನ್ನಡ ಆಡಲು ಸಿಕ್ಕಿದ್ದು ಇವನೊಬ್ಬ, ಶೀನಣ್ಣ ಒಬ್ಬರು. ಮಿಕ್ಕವರು ಈ ಮೂವರನ್ನೂ ಸೇರಿಸಿ, ಕನ್ನಡದ ಬ್ರಾಹ್ಮಣರನ್ನು ಆ ಊರು ಕರೆಯುವ ಹಾಗೆ, 'ರಾಯರ್ ಲ್ಯಾಬ್' ಎನ್ನುತ್ತಿದ್ದರು, ಶೀನಣ್ಣ ಮೀನು ತಿನ್ನುವವರೆಂದು ಗೊತ್ತಿದ್ದೂ.

ಎರಡು ಸಾವಿರದ ಎರಡರಲ್ಲಿ ಮರದ ಪೆಟ್ಟಿಗೆಯಲ್ಲಿ ಡಿಜಿಟಲ್ ಯುಗ ಬಂತು. ಲೇಸರ್ ಒಂದು, ಕ್ಯಾಮೆರಾ ಒಂದು, ಕಂಪ್ಯೂಟರ್ ಒಂದು. ಹಾಲು ಬೇಡ, ನೀರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಂಡು ಬೆರೆಸಬೇಕು. ಲೇಸರು ಹಸಿರು ಹಾಳೆಯಂಥ ಬೆಳಕನ್ನು ಎರಡು ಸಲ ಮಿಂಚಿಸುತ್ತದೆ, ಕ್ಯಾಮೆರಾ ಎರಡು ಚಿತ್ರ ಹಿಡಿಯುತ್ತದೆ, ಆ ನಡುವೆ ಯಾವ ಗುಂಡು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಸಾಫ್ಟ್‌ವೇರು ಲೆಕ್ಕ ಹಾಕಿ ಪರದೆಯ ತುಂಬ ಬಾಣ ಬರೆಯುತ್ತದೆ. ವರ್ಷಕ್ಕೆ ಇನ್ನೂರು ಚಿತ್ರ ಬರುತ್ತಿದ್ದ ಲ್ಯಾಬಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಐನೂರು ಜೋಡಿ. ತೊಂದರೆ ಒಂದೇ. ಲೇಸರು ಕಣ್ಣಿಗೆ ಬಿದ್ದರೆ ಕುರುಡು, ಆದ್ದರಿಂದ ಅದು ಉರಿಯುವಾಗ ಕಾಲುವೆಯತ್ತ ಯಾರೂ ನೋಡಕೂಡದೆಂದು ಬಾಗಿಲಿಗೆ ಕೆಂಪು ದೀಪ ಬಂತು. ನೀರನ್ನು ಸಂಶೋಧಿಸುವ ಲ್ಯಾಬಿನಲ್ಲಿ ನೀರನ್ನು ನೋಡುವುದೊಂದು ನಿಷಿದ್ಧವಾಯಿತು. ಶೀನಣ್ಣ ಕೆಂಪು ದೀಪದ ಕೆಳಗೆ ಸ್ಟೂಲು ಹಾಕಿಕೊಂಡು, ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡಸಿನ ಹಾಗೆ ಕೂತಿರುತ್ತಿದ್ದರು. ಇನ್ನೊಂದು ಸೊಗಸು ಸಾಫ್ಟ್‌ವೇರಿನ ಜರಡಿ. ಒಂದು ಬಾಣ ತನ್ನ ಸುತ್ತಲಿನ ಎಂಟು ಬಾಣಗಳಿಗಿಂತ ಬೇರೆ ದಿಕ್ಕು ತೋರಿಸಿದರೆ, ಅದು ತಪ್ಪಿರಬೇಕೆಂದು ಕಿತ್ತು ಬಿಸಾಕಿ, ಆ ಜಾಗಕ್ಕೆ ಪಕ್ಕದವರ ಸರಾಸರಿಯನ್ನು ತುಂಬುತ್ತಿತ್ತು. ಸುಶಮೀಂದ್ರನಿಗೆ ಇದನ್ನು ಮೊದಲ ಸಲ ಮ್ಯಾನ್ಯುಯಲ್ಲಿನಲ್ಲಿ ಓದಿದಾಗ ಎಲ್ಲೋ ಕೇಳಿದ ಕಥೆ ಅನ್ನಿಸಿತ್ತು. ಆಮೇಲೆ ಅದು ತನ್ನ ಉಪನಯನ, ಇಂಜಿನಿಯರಿಂಗ್ ಸೀಟು ಮತ್ತು ಜಾತಕದ ಕಥೆಯೆಂದು ಹೊಳೆದಿತ್ತು.

ಜಾತಕದಿಂದಲೇ ಶುರುವಾಯಿತಲ್ಲ. ಈ ಸಲದ ಫೆಬ್ರವರಿಯಲ್ಲಿ ಅವನ ಜನ್ಮನಕ್ಷತ್ರದ ದಿನ, ಅಮ್ಮ ಬೆಲ್ಲದ ಸಬ್ಬಕ್ಕಿ ಪಾಯಸ ಮಾಡುತ್ತಿದ್ದರು. ಪೆರುಂಗುಡಿಯ ಕಂಪ್ಯೂಟರ್ ಕಂಪನಿಯ ಭಾವ ಬಿಟ್ಟುಹೋಗಿದ್ದ ಡಿಜಿಟಲ್ ಕ್ಯಾಮೆರಾ ಕೈಯಲ್ಲಿತ್ತು. ಪಾತ್ರೆಯಲ್ಲಿ ಬೆಂದ ಸಬ್ಬಕ್ಕಿ ಕಿಟಕಿಯ ಬಿಸಿಲಿಗೆ ಮಿಣಮಿಣ ಹೊಳೆಯುತ್ತ, ಥೇಟು ಗಾಜಿನ ಗುಂಡಿನ ಹಾಗೆ ಸೌಟಿನ ಹಿಂದೆ ತಿರುಗುತ್ತಿತ್ತು. ಮೇಲಿನಿಂದ ಟಪಟಪ ಎರಡು ಚಿತ್ರ ತೆಗೆದ. ಲ್ಯಾಬಿಗೆ ಒಯ್ದು ಕಪ್ಪುಬಿಳುಪು ಮಾಡಿ ಸಾಫ್ಟ್‌ವೇರಿಗೆ ತಿನ್ನಿಸಿದ. ಸಾಫ್ಟ್‌ವೇರು ಜಾತಿ ಕೇಳಲಿಲ್ಲ, ಗೋತ್ರ ಕೇಳಲಿಲ್ಲ; ತಿಂದು, ಬಾಣ ಬರೆದು, ಬಣ್ಣ ತುಂಬಿ, ಕಾಂಚೀಪುರದ ಸೀರೆಯ ಸೆರಗಿನಂಥ ಚಿತ್ರ ಕೊಟ್ಟಿತು. ಸರಳಿನ ಹಿಂದೆ ಎರಡು ಸುಳಿ, ಅವುಗಳ ಬಗಲಲ್ಲಿ ಉಲ್ಟಾ ತಿರುಗುವ ಒಂದು ಪುಟ್ಟ ಮೂರನೇ ಸುಳಿ. ಸರಳು ಎಂದರೆ ಅಮ್ಮನ ಸೌಟು. ಸೋಮವಾರ ಶೀನಣ್ಣನಿಗೆ ತೋರಿಸಿ ನಗಿಸೋಣವೆಂದು 'ರನ್ 47' ಎಂದು ಹೆಸರಿಟ್ಟು ನಿಜವಾದ ನಲವತ್ತಾರರ ಕೆಳಗೆ ಸೇರಿಸಿ ಮನೆಗೆ ಹೋದ. ಶನಿವಾರ ವಿಷ್ಣುತೀರ್ಥರು ಒಬ್ಬರೇ ಬಂದು ಕಂಪ್ಯೂಟರ್ ತೆರೆದಿದ್ದರು. ಅಂಥದೊಂದು ಮೂರನೇ ಸುಳಿ ಇರಲೇಬೇಕೆಂದು ಎಪ್ಪತ್ತೊಂಬತ್ತರಲ್ಲಿ ಲೆಕ್ಕ ಮಾಡಿ ಬರೆದು, ಎರಡು ಪತ್ರಿಕೆಗಳಿಂದ ವಾಪಸಾಗಿ, ಒಂದು ಸಮ್ಮೇಳನದಲ್ಲಿ ನಗೆಗೀಡಾಗಿ, ಇಪ್ಪತ್ತೈದು ವರ್ಷ ಹಾಲಿನ ನೂಲನ್ನು, ಆಮೇಲೆ ಬಾಣಗಳನ್ನು ನೋಡುತ್ತ ಕಾದವರು ಅವರು. ಸುಶಮೀಂದ್ರ ಒಳಗೆ ಬಂದಾಗ ಅವರು ಮಾನಿಟರಿನೆದುರು ಎದ್ದು ನಿಂತಿದ್ದರು, ಗರ್ಭಗುಡಿಯೆದುರು ನಿಲ್ಲುವ ಹಾಗೆ, ಚಪ್ಪಲಿ ಪಕ್ಕಕ್ಕೆ ಬಿಟ್ಟು. ತಿರುಗಿದಾಗ ಕಣ್ಣು ಒದ್ದೆ. 'ಸಿಕ್ತಲ್ಲೋ' ಎಂದಷ್ಟೇ ಹೇಳಿದರು. ಇವನ ಬಾಯಲ್ಲಿ 'ಸಿಕ್ಕಿದ್ದು ಸಿಂಹ ಅಲ್ಲ ಸಾರ್, ಸಿಂಹದ ಮುಖವಾಡ' ಎಂಬ ಮಾತು ತಯಾರಾಗಿ ಬಂದು, ಹಲ್ಲಿನ ಹಿಂದೆ ನಿಂತು, ಒಳಗೆ ಹೋಯಿತು. ಆ ಒಂದು ಗಳಿಗೆಯೇ ಅವನ ಅಪರಾಧ. ಪಾಯಸ ತಮಾಷೆ, ಸುಮ್ಮನಿದ್ದದ್ದು ತಮಾಷೆಯಲ್ಲ.

ಅದಾದ ಮೇಲೆ ಆರು ವಾರ. ಮೂರನೇ ಸುಳಿ ಇನ್ನೊಮ್ಮೆ ಬರಲಿಲ್ಲ. ಬರದಿದ್ದರೆ ಏನಾಯಿತು, ಒಮ್ಮೆ ದರ್ಶನ ಕೊಟ್ಟಿತಲ್ಲ, ಎಂದರು ಗೈಡು. ಅದಕ್ಕೆ 'ಸುಶಮೀಂದ್ರ ಸುಳಿ' ಎಂದು ಹೆಸರಿಟ್ಟರು. ಬೇಡ ಸಾರ್ ಎಂದು ಇವನು ಗೋಗರೆದದ್ದನ್ನು ವಿನಯವೆಂದು ತಿಳಿದು ಡಿಪಾರ್ಟ್‌ಮೆಂಟಿನಲ್ಲೆಲ್ಲ ಹೇಳಿಕೊಂಡು ತಿರುಗಿದರು. ಥೀಸಿಸ್ಸಿನ ಕೊನೆಯ ಅಧ್ಯಾಯ ಅದರ ಮೇಲೇ ನಿಂತಿತು. ಹೇಳಲು ಹೋದಾಗಲೆಲ್ಲ ಬಾಯಿ ಅದರಷ್ಟಕ್ಕೆ ಒಂದು ಡೈಲಾಗು ಹೊಡೆಯುತ್ತಿತ್ತು, ಅವರು ನಗುತ್ತಿದ್ದರು, ನಕ್ಕವರಿಗೆ ಅಳಿಸುವಂಥದನ್ನು ಹೇಳುವುದು ಹೇಗೆ ಎಂದು ಇವನು ಮರಳುತ್ತಿದ್ದ.

ಲ್ಯಾಬಿನಲ್ಲಿ ಶೀನಣ್ಣ ಹೊಸ ಶರ್ಟು ಹಾಕಿ ಅದೇ ಸ್ಟೂಲಿನ ಮೇಲಿದ್ದರು. ಗೋಡೆಗೆ ಅಂಟಿಸಿದ್ದ ರನ್ 47ರ ಬಣ್ಣದ ಪ್ರಿಂಟನ್ನು ನೋಡುತ್ತ, ಡಬ್ಬಿ ಹಿಡಿದು ನಿಂತ ಸುಶಮೀಂದ್ರನಿಗೆ, 'ಎಂತ ಮಾರಾಯ, ಮುಖ ಇಷ್ಟು ಸಣ್ಣ ಮಾಡಿದ್ದೀ?' ಎಂದರು. ಇವನು ಡಬ್ಬಿಯನ್ನು ಕೈಯಿಂದ ಕೈಗೆ ಬದಲಿಸಿದ. ಅವರು ಪ್ರಿಂಟಿನತ್ತ ಗದ್ದ ಎತ್ತಿ, 'ಈ ನೀರು ದಪ್ಪ ಉಂಟು' ಎಂದರು. ಯಾಕೆ ಎಂದು ಕೇಳಲು ಸುಶಮೀಂದ್ರನಿಗೆ ಧೈರ್ಯ ಬರಲಿಲ್ಲ. ಕೇಳದಿದ್ದರೂ ಅವರು ಹೇಳಿದರು: ನೀರಿನ ಸುಳಿ ಒಂದು ಹುಟ್ಟುವಾಗ ಒಂದು ಒಡೆಯುತ್ತದೆ, ಇದು ಎಲ್ಲ ಒಟ್ಟಿಗೆ ನಿಧಾನಕ್ಕೆ ತಿರುಗಿದೆ, ಗಂಜಿ ತಿರುಗಿದ ಹಾಗೆ. ಎಂಬತ್ತಾರರಲ್ಲೇ ತಾನು, ಇಲ್ಲಿ ಮೂರನೆಯದು ಇಲ್ಲ ಸಾರ್ ಎಂದದ್ದಕ್ಕೆ ವಿಷ್ಣುತೀರ್ಥರು ಒಂದು ತಿಂಗಳು ಮಾತು ಬಿಟ್ಟಿದ್ದರು, ಎಂದೂ ಹೇಳಿದರು. ಅಂದರೆ ಇವರಿಗೆ ಆರು ವಾರದಿಂದ ಗೊತ್ತಿದೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಸುಶಮೀಂದ್ರ ಕೇಳಿದಾಗ ಶೀನಣ್ಣ ಶರ್ಟಿನ ತೋಳಿನ ಮಡಿಕೆ ಸರಿಮಾಡಿಕೊಂಡರು.

'ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ನೀನು ಹೇಳಿದ್ರೆ ತಮಾಷೆ ಅಂತಾರೆ. ಆದ್ರೂ ಹೇಳ್ಬೇಕಾದವ ನೀನೇ ಅಲ್ವನಾ?'

ಗೈಡಿನ ರೂಮಿನಲ್ಲಿ ಕಪಾಟುಗಳು ಖಾಲಿಯಾಗಿ, ಗೋಡೆಯ ಮೇಲೆ ಅವು ನಿಂತ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ವಿಷ್ಣುತೀರ್ಥರು ಗರಿಗರಿ ಬಿಳಿ ಶರ್ಟಿನಲ್ಲಿ, ಮದುವೆಗೆ ಹೊರಟವರ ಹಾಗೆ, ಮೊಸರನ್ನ ಮುಗಿಸಿ ಕೂತಿದ್ದರು. ಡಬ್ಬಿ ಕಂಡು ಮುಖ ಅರಳಿತು. ತುಂಗಾಬಾಯಿ ಕಳಿಸಿದ್ದೇನೋ ಎಂದು ಕೇಳಿ, ಮುಚ್ಚಳ ತೆಗೆದು, ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಸುಶಮೀಂದ್ರ ಕನ್ನಡಿಯ ಮುಂದೆ ತಯಾರು ಮಾಡಿದ ಮಾತೆಲ್ಲ ಮರೆತ. ಬಾಯಲ್ಲಿ ಉಳಿದದ್ದು ಬರೀ ನಾಮಪದಗಳು.

'ಸಾರ್, ಅದು ಇದು.'

'ಯಾವುದೋ?'

'ರನ್ ನಲವತ್ತೇಳು. ಇದೇ ಸಾರ್. ಪಾಯಸ. ಅಮ್ಮ ಸೌಟಲ್ಲಿ ತಿರುಗಿಸ್ತಿದ್ರು, ನಾನು ಫೋಟೋ ತೆಗೆದೆ.'

ವಿಷ್ಣುತೀರ್ಥರು ನಕ್ಕರು. ಇಷ್ಟು ವರ್ಷ ನಕ್ಕ ಹಾಗೇ, ಹೊಟ್ಟೆ ಅಲ್ಲಾಡಿಸಿ, ಚಮಚ ಮೇಲೆತ್ತಿ ಹಿಡಿದು ನಕ್ಕರು. ಹೋಗುವ ದಿನವೂ ಬಿಡೋದಿಲ್ಲವಲ್ಲೋ ನೀನು, ಎಂದರು. ಇವನು ನಗಲಿಲ್ಲ. ನಗದೇ ಇರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಕೆನ್ನೆಯ ಸ್ನಾಯುಗಳು ಅಭ್ಯಾಸಬಲದಿಂದ ಎದ್ದು ನಿಲ್ಲುತ್ತಿದ್ದವು. ಗೈಡಿನ ನಗು ಎದುರಿಗೆ ಜೊತೆ ಸಿಗದೆ, ತಾನೇ ಒಂದೆರಡು ಹೆಜ್ಜೆ ಮುಂದೆ ಹೋಗಿ, ನಿಂತು, ಹಿಂದೆ ತಿರುಗಿ ನೋಡಿತು. ಈಗ ಕೆನ್ನೆಗೆ ಏಟು ಬೀಳುತ್ತದೆ, ಇಲ್ಲ 'ನನ್ನ ಕಣ್ಣೆದುರು ನಿಲ್ಲಬೇಡ' ಎಂಬ ಮಾತು ಬರುತ್ತದೆ ಎಂದು ಅವನು ಕಾದ. ಅವರು ಚಮಚದಲ್ಲಿದ್ದ ಒಂದು ಸಬ್ಬಕ್ಕಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

'ಬೆಂದಿತ್ತಾ?'

'ಸಾರ್?'

'ಸಬ್ಬಕ್ಕಿ. ಫೋಟೋ ತೆಗೆಯೋವಾಗ ಪೂರ್ತಿ ಬೆಂದಿತ್ತಾ, ಅರ್ಧ ಮಾತ್ರಾನಾ? ಮುಳುಗಿತ್ತೋ, ತೇಲ್ತಿತ್ತೋ?'

ಎರಡೂ ಅಲ್ಲ, ನಡುವೆ ನಿಂತಿತ್ತು ಎಂದು ಇವನು ಹೇಳಿದ. ಹಾಗಾದರೆ ಹರಿವಿನ ಜೊತೆಗೇ ಹೋಗಿರುತ್ತದೆ, ಒಳ್ಳೆಯ ಕಣ, ಎಂದು ಅವರು ತಮಗೇ ಹೇಳಿಕೊಂಡರು. ಕನ್ನಡಕ ಹಣೆಗೇರಿಸಿ, ಡಬ್ಬಿಯ ಮೇಲೆ ಬಗ್ಗಿ, ಚಮಚವನ್ನು ನೆಟ್ಟಗೆ ನಿಲ್ಲಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಎಳೆದರು. ನೋಡಿದರು. ಪಾಯಸ ನಿಲ್ಲುವ ತನಕ ಕಾದು ಮತ್ತೆ ಎಳೆದರು. ಮೂಗಿನ ತುದಿ ಡಬ್ಬಿಯ ಅಂಚಿಗೆ ತಾಗುವಷ್ಟು ಹತ್ತಿರ, ಲೇಸರು ಬಂದ ಮೇಲೆ ಮೊದಲ ಸಲ ಆ ಮನುಷ್ಯ ಒಂದು ದ್ರವವನ್ನು ಬರಿಗಣ್ಣಿನಲ್ಲಿ ನೋಡುತ್ತಿದ್ದ. ನೀರಲ್ಲಿಲ್ಲದಿದ್ದರೆ ಪಾಯಸದಲ್ಲಾದರೂ ಇರಲಿ ಎಂದು ಸುಶಮೀಂದ್ರ ಹಲ್ಲು ಕಚ್ಚಿ ಬೇಡಿಕೊಂಡ. ನಾಲ್ಕನೆಯ ಸಲ ಎಳೆದ ಮೇಲೆ ಅವರು ಚಮಚ ಬಿಟ್ಟರು.

'ಎರಡೇ ಸುಳಿ ದಾನೆ ಕಾಣತ್ತೆ. ಮೂರನೇದು ಎಲ್ಲೋ? ಪಾತ್ರೆ ಮೇಲೆ ಆವಿ ಇತ್ತಾ?'

ಇತ್ತು. ಚಿತ್ರದ ಒಂದು ಮೂಲೆ ಆವಿಯಿಂದ ಮಂಜಾಗಿತ್ತು. ಅಲ್ಲಿ ಸಾಫ್ಟ್‌ವೇರಿಗೆ ಏನೂ ಕಾಣದೆ ಬಾಯಿಗೆ ಬಂದ ಬಾಣ ಬರೆದಿತ್ತು. ಜರಡಿ ಬಹಳಷ್ಟನ್ನು ಕಿತ್ತು, ಕಣ್ತಪ್ಪಿ ಉಳಿದ ಮೂರು ನಾಲ್ಕು ಸುಳ್ಳು ಬಾಣಗಳ ಸರಾಸರಿಯನ್ನೇ ಖಾಲಿ ಜಾಗಕ್ಕೆಲ್ಲ ತುಂಬಿ, ಚಂದಕ್ಕೆ ಬಣ್ಣ ಬಳಿದಿತ್ತು. ಇದು ಸುಶಮೀಂದ್ರನಿಗೆ ಹೊಳೆದದ್ದು ಈಗ, ಅವರ ಮುಖ ನೋಡುತ್ತಿರುವಾಗ. ತಾನು ಕದ್ದು ತಂದ ಸುಳಿ ಕದ್ದ ಜಾಗದಲ್ಲೂ ಇರಲಿಲ್ಲ. ಅವರು ಮುಚ್ಚಳ ಹಾಕಿದರು. ಅದು ಕೂರಲಿಲ್ಲ, ತಿರುಗಿಸಿ ಒತ್ತಿ ಹಾಕಿದರು. ಥೀಸಿಸ್ಸು ಎರಡು ವರ್ಷ ಹಿಂದಕ್ಕೆ ಹೋಗುತ್ತದೆ, ಗೊತ್ತಲ್ಲ, ಎಂದು ಬಸ್ಸಿನ ನಂಬರು ಹೇಳುವ ದನಿಯಲ್ಲಿ ಹೇಳಿದರು. ಗೊತ್ತು ಎಂದ. ಯಾಕೆ ಮಾಡಿದೆ ಎಂದು ಅವರು ಕೇಳಲಿಲ್ಲ. ಶರಿ, ಹೋಗಿ ಮೈಕ್ ಸರಿಯಿದೆಯಾ ನೋಡು, ಎಂದು ಕಳಿಸಿದರು. ಸ್ಲೈಡ್ ತೆಗೆಯಲೇ ಸಾರ್ ಎಂದು ಬಾಗಿಲಲ್ಲಿ ನಿಂತು ಕೇಳಿದ. ಅವರು ಗೋಡೆಯ ಮೇಲಿನ ಬಿಳಿ ಚೌಕಗಳನ್ನು ನೋಡುತ್ತಿದ್ದರು.

ಸಭಾಂಗಣ ತುಂಬಿತ್ತು. ಎಸಿಯ ಚಳಿಗೆ ರೇಷ್ಮೆ ಸೀರೆಗಳು ಸರಭರ ಎನ್ನುತ್ತಿದ್ದವು. ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ವಿಷ್ಣುತೀರ್ಥರನ್ನು ಹಾಲಿನಿಂದ ಲೇಸರಿಗೆ ಬಂದ ಮಹಾಯಾತ್ರಿಕ ಎಂದು ಹೊಗಳಿದರು. ಹಾಲಿನ ಕಾಲದಲ್ಲಿ ಇದೇ ಮುಖ್ಯಸ್ಥರು ಲ್ಯಾಬಿಗೆ ಬಂದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಸುಶಮೀಂದ್ರ ಕಂಪ್ಯೂಟರಿನ ಬಳಿ ಕೂತು ಸ್ಲೈಡ್ ಬದಲಿಸುತ್ತಿದ್ದ. ಗೈಡು ಇಂಗ್ಲಿಷಿನಲ್ಲಿ, ಅವಸರವಿಲ್ಲದೆ, ಕಾಗದ ತೂಗಿದ ತಕ್ಕಡಿ ತೋರಿಸಿದರು, ಹಾಲಿನ ನೂಲು ತೋರಿಸಿದರು, ಶೀನಣ್ಣನ ಹೆಸರು ಹೇಳಿ ಅವರನ್ನು ಎದ್ದು ನಿಲ್ಲಿಸಿದರು. ಚಪ್ಪಾಳೆಯಾಯಿತು. ಕೊನೆಯ ಸ್ಲೈಡಿಗೆ ಅವರು ಕೈಸನ್ನೆ ಮಾಡಿದಾಗ ಇವನ ಬೆರಳು ಒಂದು ಗಳಿಗೆ ಏಳಲಿಲ್ಲ. ಅವರು ಕಾದರು. ಒತ್ತಿದ. ಹತ್ತಡಿ ಎತ್ತರದ ಪಾಯಸ ಏಳು ಬಣ್ಣದಲ್ಲಿ ಗೋಡೆ ತುಂಬಿತು. ಕೆಳಗೆ ಅವನ ಹೆಸರು. ಈ ಚಿತ್ರ ತೆಗೆದವನೇ ಇದರ ಬಗ್ಗೆ ಹೇಳುತ್ತಾನೆ ಎಂದು ಮೈಕನ್ನು ಅವನ ಕೈಗೆ ಕೊಟ್ಟು, ವಿಷ್ಣುತೀರ್ಥರು ವೇದಿಕೆಯಿಳಿದು ಮೊದಲ ಸಾಲಿನಲ್ಲಿ ಕೂತರು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಪಾಠ ಕೇಳಲು ಬಂದವರ ಹಾಗೆ.

ಅವನು ಹೇಳಿದ. ಇದು ನೀರಲ್ಲ, ನನ್ನ ತಾಯಿ ಮಾಡಿದ ಪಾಯಸ. ಅಂಚಿನಲ್ಲಿರುವ ಈ ಸುಳಿ ಪಾಯಸದಲ್ಲೂ ಇಲ್ಲ, ಸಾಫ್ಟ್‌ವೇರು ತುಂಬಿದ್ದು. ತಮಾಷೆಗೆ ಮಾಡಿದೆ. ಆರು ವಾರ ಪ್ರೊಫೆಸರಿಗೆ ಹೇಳಲಿಲ್ಲ. ಪಿಟೀಲು ಬರಲಿಲ್ಲ, ಯಾರ ದನಿಯೂ ಬರಲಿಲ್ಲ. ಸೊಟ್ಟಪಟ್ಟ ಇಂಗ್ಲಿಷಿನಲ್ಲಿ, ತುಟಿಗೆ ಸರಿಯಾಗಿ ಕೂರದ ನಾಲ್ಕು ವಾಕ್ಯ, ಅವನದೇ. ಸಭೆಯಲ್ಲಿ ನಗು ಸಿಡಿಯಿತು. ಅವನು ಜೀವಮಾನದಲ್ಲಿ ಅಂಥ ನಗು ಗಿಟ್ಟಿಸಿರಲಿಲ್ಲ. ಮುಖ್ಯಸ್ಥರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಹಿಂದಿನ ಬೆಂಚಿನಿಂದ ಮೊದಲ ದಿನದ ಮೊದಲ ಆಟಕ್ಕೆ ಹೊಡೆಯುವಂಥ ಒಂದು ಸೀಟಿ ಬಂತು. ನಿಜ ಎಂದ, ಇನ್ನೂ ಜೋರಾಗಿ ನಕ್ಕರು. ಸತ್ಯವಾಗಿ ನಿಜ ಎಂದ. ಒಬ್ಬರು ನಗು ತಾಳಲಾರದೆ ಮುಂದಿನ ಕುರ್ಚಿಯ ಬೆನ್ನು ಗುದ್ದಿದರು. ಅಷ್ಟು ಮುಖಗಳಲ್ಲಿ ಅವನನ್ನು ನಂಬಿದ್ದು ಎರಡು. ಶೀನಣ್ಣ ನೆಲ ನೋಡುತ್ತಿದ್ದರು. ಇನ್ನೊಬ್ಬರು ಕುರ್ಚಿಯ ಕೈ ಹಿಡಿದು, ಮಂಡಿ ನೋವಿಗೆ ಎರಡು ಸಲ ತಡೆದು, ಎದ್ದು ಸಭೆಗೆ ಮುಖ ಮಾಡಿ ನಿಂತರು.

'ನಗಬೇಡಿ' ಎಂದರು ವಿಷ್ಣುತೀರ್ಥರು, ಮೈಕಿಲ್ಲದೆ, ಇಂಗ್ಲಿಷಿನಲ್ಲಿ. 'ಹುಡುಗ ನಿಜ ಹೇಳುತ್ತಿದ್ದಾನೆ. ನಂಬಿದ್ದು ನಾನು.'

ನಗು ಮೊದಲ ಸಾಲಿನಲ್ಲಿ ಸತ್ತಿತು, ಆಮೇಲೆ ಎರಡನೆಯದರಲ್ಲಿ. ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಗಿ, ಸೀಟಿ ಹೊಡೆದವನ ಬಾಯಲ್ಲಿ ಕೊನೆಯದಾಗಿ ನಿಂತಿತು. ಅವರು ಅವನತ್ತ ತಿರುಗಿ, ಮನೆಮಾತಿನಲ್ಲಿ, ಮುಂದಿನ ಸ್ಲೈಡ್ ಹಾಕಪ್ಪ ಎಂದರು. ಮುಂದೆ ಸ್ಲೈಡ್ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಒತ್ತಿದ. ಗೋಡೆ ಪೂರ್ತಿ ಕಪ್ಪಾಗಿ, ಮೇಲ್ತುದಿಯಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿ ಒಂದೇ ಸಾಲು ಬಂತು: ಸ್ಲೈಡ್ ಶೋ ಮುಗಿಯಿತು, ಹೊರಹೋಗಲು ಒತ್ತಿ. ವಿಷ್ಣುತೀರ್ಥರು ಕನ್ನಡಕ ಇಳಿಸಿಕೊಂಡು, ಅದನ್ನು ಮೊದಲಿಂದ ಕೊನೆಯ ತನಕ ಓದಿ, ಮತ್ತೆ ಕುಳಿತರು. ಅವರು ಏಳದೆ ಸಭೆ ಏಳುವಂತಿರಲಿಲ್ಲ. ಅವರು ಏಳಲಿಲ್ಲ. ಆ ಕಪ್ಪನ್ನೇ ನೋಡುತ್ತ ಕೂತರು, ಮುನ್ನೂರು ಜನ ಅವರನ್ನು ನೋಡುತ್ತ ಕೂತರು. ಸುಶಮೀಂದ್ರ ಕೀಲಿಯ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ಅವರು ಹೇಳುವುದನ್ನು ಕಾಯುತ್ತ ನಿಂತ.